‘ಗೊತ್ತಿಲ್ಲ’ ಅನ್ನೋದರ ಬಿಲ್ಲು ಯಾರ ಹೆಸರಿಗೆ?

ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗುವವರು ಪೆರಿಯಶಾಂತಿಯಲ್ಲಿ ಬಲಕ್ಕೆ ತಿರುಗಿದರೆ ಕೊಕ್ಕಡ ಸಿಗುತ್ತದೆ. ಹೆಸರು ನೆನಪಿಲ್ಲದಿದ್ದರೂ ನಿಮ್ಮಲ್ಲಿ ಎಷ್ಟೋ ಜನ ಅಲ್ಲಿ ಕಾರು ನಿಲ್ಲಿಸಿರುತ್ತೀರಿ. ಸೌತಡ್ಕದ ಬಯಲು ಗಣಪತಿ ಇರುವುದು ಅಲ್ಲೇ. ಗರ್ಭಗುಡಿಯಿಲ್ಲದ ದೇವರು, ಸಾಲುಸಾಲು ಗಂಟೆ, ಅವಲಕ್ಕಿ ಪಂಚಕಜ್ಜಾಯ, ಒಂದು ಸೆಲ್ಫಿ. ಮುಂದಿನ ನಿಲ್ದಾಣ ಧರ್ಮಸ್ಥಳ.

ಆ ಊರಿನ ಸುತ್ತಲಿನ ಗುಡ್ಡಗಳಲ್ಲಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಪುಗಳಿವೆ. 1980ರ ದಶಕದಿಂದ 2000ದವರೆಗೆ ಆ ತೋಪುಗಳ ಮೇಲೆ ಹೆಲಿಕಾಪ್ಟರ್ ಹಾರಿಸಿ ಎಂಡೋಸಲ್ಫಾನ್ ಸುರಿದರು. ಗೇರಿನ ಚಿಗುರು, ಹೂವು ಹೀರಿ ಒಣಗಿಸುವ ಟೀ ಸೊಳ್ಳೆ ಅನ್ನೋ ಕೀಟವನ್ನು ಕೊಲ್ಲುವುದಕ್ಕೆ. ಗಡಿಯಾಚೆ ಕಾಸರಗೋಡಿನಲ್ಲೂ ಇದೇ ಕಥೆ. ಅಲ್ಲಿ ಸುರಿದದ್ದು ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಷನ್, 1970ರ ದಶಕದ ಕೊನೆಯಿಂದಲೇ. ತುಳು, ಕನ್ನಡ, ಮಲಯಾಳ ಮೂರೂ ಮಾತಾಡುವ ಆ ಸೀಮೆಯಲ್ಲಿ ಗೇರು ಗುಡ್ಡದ ಮೇಲಿದೆ, ಮನೆ ಕೆಳಗಿನ ಕಣಿವೆಯಲ್ಲಿದೆ. ಕುಡಿಯೋ ನೀರು ತೆರೆದ ಬಾವಿಯದು, ತೋಡಿನದು, ಮುರಕಲ್ಲಿನ ಗುಡ್ಡ ಕೊರೆದು ಮಾಡಿದ ಸುರಂಗದ್ದು. ಮೇಲಿಂದ ಸುರಿದದ್ದು ಎಲ್ಲಿಗೆ ಇಳಿಯುತ್ತದೆ ಅಂತ ಹೇಳೋಕೆ ವಿಜ್ಞಾನಿ ಬೇಕಾಗಿಲ್ಲ.

ಹುಟ್ಟುವ ಕರುಗಳ ಕಾಲು ಸೊಟ್ಟಗಿರುವುದನ್ನು ಪತ್ರಕರ್ತ ಶ್ರೀಪಡ್ರೆ 1980ರ ದಶಕದ ಆರಂಭದಲ್ಲೇ ಬರೆದಿದ್ದರು. ಪಡ್ರೆ ಗ್ರಾಮದ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮ ಪುಟ್ಟ ಕ್ಲಿನಿಕ್ಕಿಗೆ ಬರುವ ರೋಗಿಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಕ್ಯಾನ್ಸರ್, ಹುಟ್ಟಿನಿಂದಲೇ ಬಂದ ಅಂಗವೈಕಲ್ಯ ಇಷ್ಟೊಂದು ಯಾಕೆ ಅಂತ ತಲೆ ಕೆಡಿಸಿಕೊಂಡರು. ನೀರಿನಲ್ಲೇನೋ ಇದೆ ಅಂತ ಬರೆದರು, ಕೂಗಿದರು. ಹೆಲಿಕಾಪ್ಟರ್ ಹಾರುತ್ತಲೇ ಇತ್ತು.

ಎಂಡೋಸಲ್ಫಾನ್ ಕೆಟ್ಟದ್ದೋ ಒಳ್ಳೆಯದೋ ಅನ್ನುವ ವಾದ ಮುಗಿದಿದೆ. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಅದನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಅದೇ ವರ್ಷ ಮೇ 13ರಂದು ನಮ್ಮ ಸುಪ್ರೀಂ ಕೋರ್ಟ್ ಉತ್ಪಾದನೆ, ಮಾರಾಟ, ಬಳಕೆ ಮೂರನ್ನೂ ತಡೆಯಿತು. ನನ್ನ ಜಗಳ ಅದಾದ ಮೇಲಿನ ಪ್ರಶ್ನೆಯ ಜೊತೆ. ಕಾಯಿಲೆ ಬಿದ್ದವನು ಪರಿಹಾರ ಕೇಳೋಕೆ ಬಂದಾಗ ನಮ್ಮ ವ್ಯವಸ್ಥೆ ಅವನ ಮುಖಕ್ಕೆ ಹಿಡಿಯುವ ಪ್ರಶ್ನೆ ಅದು: ‘ನಿನ್ನ ಕಾಯಿಲೆಗೆ ಇದೇ ಕಾರಣ ಅಂತ ಸಾಬೀತು ಮಾಡು.’

ಕೇಳೋಕೆ ಎಷ್ಟು ನ್ಯಾಯವಾಗಿದೆ ಅಲ್ವಾ? ಆರೋಪ ಮಾಡಿದವರು ಸಾಬೀತು ಮಾಡಬೇಕು. ಗಡಿ ತಕರಾರಿನಲ್ಲೂ ಇದೇ ನಿಯಮ. ಆದರೆ ವಿಷದ ವಿಷಯದಲ್ಲಿ ಸಾಬೀತು ಮಾಡುವುದು ಅಂದರೆ ಏನು ಅಂತ ಒಮ್ಮೆ ಬಿಡಿಸಿ ನೋಡಿ. ಮೂರು ಕೊಂಡಿ ಜೋಡಿಸಬೇಕು. ಒಂದು, ಆ ವಿಷ ಅಲ್ಲಿತ್ತು, ಇಷ್ಟು ಪ್ರಮಾಣದಲ್ಲಿತ್ತು. ಎರಡು, ಅದು ನನ್ನ ದೇಹದೊಳಗೆ ಹೋಯಿತು. ಮೂರು, ಈ ಕಾಯಿಲೆ ಬಂದದ್ದು ಅದರಿಂದಲೇ, ವಂಶದಿಂದಲ್ಲ, ಬೀಡಿಯಿಂದಲ್ಲ, ಪೌಷ್ಟಿಕ ಆಹಾರ ಇಲ್ಲದ್ದರಿಂದಲ್ಲ.

ಈಗ ಒಂದೊಂದೇ ಕೊಂಡಿಯ ದಾಖಲೆ ಯಾರ ಹತ್ತಿರ ಇದೆ ಹೇಳಿ. ಯಾವ ದಿನ, ಎಷ್ಟು ಲೀಟರ್, ಯಾವ ಗುಡ್ಡದ ಮೇಲೆ ಸಿಂಪಡಿಸಿದರು ಅನ್ನೋ ಲೆಕ್ಕ ಸಿಂಪಡಿಸಿದವರ ರಿಜಿಸ್ಟರಿನಲ್ಲಿ. ಬೀಡಿ ಕಟ್ಟಿ, ಕೂಲಿ ಮಾಡಿ ಬದುಕುವ ತಾಯಿ 1993ರಲ್ಲಿ ಬಸುರಿಯಾಗಿದ್ದಾಗ ರಕ್ತ ತೆಗೆದು ಕೀಟನಾಶಕಕ್ಕೆ ಪರೀಕ್ಷೆ ಮಾಡಿಸಿ ಫೈಲ್ ಮಾಡಿ ಇಟ್ಟುಕೊಂಡಿರಬೇಕಿತ್ತಾ? ಇವತ್ತು ಪರೀಕ್ಷೆ ಮಾಡಿದರೆ ಅಂದಿನ ಸಿಂಪಡಣೆ ರಕ್ತದಲ್ಲಿ ಕಾಣಿಸುವುದಿಲ್ಲ. ಇನ್ನು ಮೂರನೇ ಕೊಂಡಿಗೆ ಬೇಕಾದ್ದು ಸಿಂಪಡಣೆಗೆ ಮೊದಲು ಆ ಊರಿನ ಆರೋಗ್ಯ ಹೇಗಿತ್ತು ಅನ್ನೋ ಸಮೀಕ್ಷೆ. ಅದನ್ನು ಮಾಡಬೇಕಾಗಿದ್ದು ಸರ್ಕಾರ. ಮಾಡಲಿಲ್ಲ.

ನೀವು ಐಟಿಯಲ್ಲಿದ್ದರೆ ಹೀಗೆ ಯೋಚಿಸಿ. ಶುಕ್ರವಾರ ಸಂಜೆ ನಿಮ್ಮ ತಂಡ ಒಂದು ರಿಲೀಸ್ ಮಾಡುತ್ತದೆ. ಶನಿವಾರ ಬೆಳಿಗ್ಗೆ ಗ್ರಾಹಕನ ಸಿಸ್ಟಮ್ ಬಿದ್ದಿದೆ. ಲಾಗ್ ಎಲ್ಲಾ ನಿಮ್ಮ ಸರ್ವರಿನಲ್ಲಿದೆ. ‘ರೂಟ್ ಕಾಸ್ ನೀವೇ ಹುಡುಕಿ ತನ್ನಿ ಸಾರ್, ಲಾಗ್ ಕೊಡಲ್ಲ, ನಮ್ಮ ರಿಲೀಸೇ ಕಾರಣ ಅಂತ ಸಾಬೀತಾದರೆ ಆಮೇಲೆ ನೋಡೋಣ’ ಅಂತ ಗ್ರಾಹಕನಿಗೆ ಹೇಳುವ ಧೈರ್ಯ ಯಾವ ಮ್ಯಾನೇಜರಿಗಿದೆ? ಕೊಕ್ಕಡದವರಿಗೆ, ಪಟ್ರಮೆಯವರಿಗೆ, ನಿಡ್ಲೆಯವರಿಗೆ ನಾವು ದಶಕಗಳ ಕಾಲ ಹೇಳಿದ್ದು ಅಕ್ಷರಶಃ ಇದನ್ನೇ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಇದೆ. ಅದನ್ನು ಮುಚ್ಚಿಡುವುದಿಲ್ಲ. ಎಂಡೋಸಲ್ಫಾನಿಗೂ ಆ ಊರುಗಳ ಪ್ರತಿಯೊಂದು ಕಾಯಿಲೆಗೂ ಇರುವ ಸಂಬಂಧ ವಿಜ್ಞಾನದಲ್ಲಿ ಪೂರ್ತಿ ಇತ್ಯರ್ಥವಾಗಿಲ್ಲ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ ಮಕ್ಕಳನ್ನು ಪರೀಕ್ಷಿಸಿ 2002ರಲ್ಲಿ ಕೊಟ್ಟ ವರದಿ ಎಂಡೋಸಲ್ಫಾನ್ ಕಡೆಗೇ ಬೆರಳು ತೋರಿಸಿತು. ಮುಂದೆ ಕೇಂದ್ರ ಸರ್ಕಾರ ನೇಮಿಸಿದ ದುಬೆ ಸಮಿತಿ ಸಂಬಂಧ ಕಾಣಿಸುತ್ತಿಲ್ಲ ಅಂತ ಹೇಳಿತು. ಸಮಿತಿಯ ಮೇಲೆ ಸಮಿತಿ, ವರದಿಗೆ ಪ್ರತಿವರದಿ. ಕೃಷಿ ವಿಜ್ಞಾನಿಗಳಲ್ಲೇ ಕೆಲವರು ಇವತ್ತಿಗೂ ಈ ಸಂಬಂಧವನ್ನು ಒಪ್ಪುವುದಿಲ್ಲ. ಹಾಗಿರುವಾಗ ಯಾರನ್ನೋ ಹೊಣೆ ಮಾಡುವುದು ಸರಿಯಾ ಅಂತ ಕೇಳುತ್ತಾರೆ.

ಸರಿ, ಗೊತ್ತಿಲ್ಲ ಅಂತಲೇ ಇಟ್ಟುಕೊಳ್ಳೋಣ. ಹಾಗಾದರೆ ಈ ‘ಗೊತ್ತಿಲ್ಲ’ದ ಖರ್ಚು ಯಾರು ಕೊಡಬೇಕು? ಈ ಇಡೀ ಲೇಖನದ ಪ್ರಶ್ನೆ ಇದೊಂದೇ.

ಯಾಕೆಂದರೆ ಗೊತ್ತಿಲ್ಲದಿರುವಿಕೆ ಆಕಾಶದಿಂದ ಬೀಳುವುದಿಲ್ಲ. ಅದನ್ನು ತಯಾರಿಸಲಾಗುತ್ತದೆ. ಸಿಂಪಡಣೆಗೆ ಮುಂಚೆ ಸಮೀಕ್ಷೆ ಮಾಡದಿದ್ದರೆ ಗೊತ್ತಿಲ್ಲ. ಸಿಂಪಡಿಸುವಾಗ ನೀರು ಪರೀಕ್ಷಿಸದಿದ್ದರೆ ಗೊತ್ತಿಲ್ಲ. ಸಿಂಪಡಿಸಿದ ಮೇಲೆ ಜನರ ರಕ್ತ ನೋಡದಿದ್ದರೆ ಗೊತ್ತಿಲ್ಲ. ಇಪ್ಪತ್ತು ವರ್ಷ ಏನನ್ನೂ ಅಳೆಯದೆ ಕೂತು, ಕೊನೆಗೆ ‘ಅಳತೆಯೇ ಇಲ್ಲವಲ್ಲ’ ಅಂತ ಕೈಯಾಡಿಸಿದರೆ ಲಾಭ ಯಾರಿಗೆ? ಅಳೆಯದವನಿಗೇ. ನಮ್ಮ ಕಾನೂನು ಈ ಅಜ್ಞಾನಕ್ಕೆ ಬಹುಮಾನ ಕೊಡುತ್ತಿದೆ. ಎಷ್ಟು ಕಡಿಮೆ ತಿಳಿದುಕೊಂಡರೆ ಅಷ್ಟು ಕ್ಷೇಮ.

ತಿಳಿದವನು ಮುಚ್ಚಿಟ್ಟರಂತೂ ಕೇಳಲೇಬೇಡಿ. ಜಪಾನಿನ ಮಿನಮಾಟದಲ್ಲಿ ಚಿಸ್ಸೊ ಕಂಪನಿಯ ಕಾರ್ಖಾನೆ ಪಾದರಸ ಬೆರೆತ ನೀರನ್ನು ಕೊಲ್ಲಿಗೆ ಬಿಡುತ್ತಿತ್ತು. ಮೀನು ತಿಂದ ಜನರಿಗೆ ಕೈಕಾಲು ನಡುಕ, ಕುರುಡು, ಸೆಳವು. 1956ರಲ್ಲಿ ಕಾಯಿಲೆ ಅಧಿಕೃತವಾಗಿ ದಾಖಲಾಯಿತು. 1959ರಲ್ಲಿ ಕಂಪನಿಯದೇ ಆಸ್ಪತ್ರೆಯ ವೈದ್ಯ ಹೊಸೊಕಾವಾ ಹಾಜಿಮೆ ಕಾರ್ಖಾನೆಯ ತ್ಯಾಜ್ಯವನ್ನು ಬೆಕ್ಕಿಗೆ ತಿನ್ನಿಸಿ ನೋಡಿದರು. 400ನೇ ನಂಬರಿನ ಆ ಬೆಕ್ಕಿಗೆ ಅದೇ ಸೆಳವು ಬಂತು. ಕಂಪನಿ ಪ್ರಯೋಗ ನಿಲ್ಲಿಸಿತು, ಫಲಿತಾಂಶ ಹೊರಗೆ ಬಿಡಲಿಲ್ಲ. ಅದೇ ಡಿಸೆಂಬರಿನಲ್ಲಿ ರೋಗಿಗಳ ಜೊತೆ ‘ಸಹಾನುಭೂತಿ ಹಣ’ದ ಒಪ್ಪಂದ ಮಾಡಿಕೊಂಡಿತು: ಇಷ್ಟು ತಗೊಳ್ಳಿ, ಮುಂದೆ ನಾವೇ ಕಾರಣ ಅಂತ ಗೊತ್ತಾದರೂ ಮತ್ತೆ ಕೇಳಬೇಡಿ. 1968ರವರೆಗೆ ಆ ನೀರು ಕೊಲ್ಲಿಗೆ ಹರಿಯಿತು. 1973ರಲ್ಲಿ ಕುಮಾಮೊಟೊ ನ್ಯಾಯಾಲಯ ಆ ಒಪ್ಪಂದ ನೀತಿಗೆಟ್ಟದ್ದು, ಅದಕ್ಕೆ ಬೆಲೆಯಿಲ್ಲ ಅಂತ ಕಸದ ಬುಟ್ಟಿಗೆ ಹಾಕಿತು. ‘ಸಾಬೀತು ಮಾಡು’ ಅಂತ ಬೆಸ್ತರಿಗೆ ಸವಾಲು ಹಾಕುತ್ತಿದ್ದ ಹೊತ್ತಿನಲ್ಲಿ ಸಾಕ್ಷಿ ಕಂಪನಿಯ ಬೀರುವಿನಲ್ಲೇ ಇತ್ತು!

ನಮ್ಮ ದೇಶದಲ್ಲಿ ಕಾನೂನಿಲ್ಲ ಅಂತ ಹೇಳುವ ಹಾಗೂ ಇಲ್ಲ. ಭೋಪಾಲದ ಮರುವರ್ಷ, 1985ರ ಡಿಸೆಂಬರಿನಲ್ಲಿ, ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿತು. ಆ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ‘ಸಂಪೂರ್ಣ ಹೊಣೆ’ ಅನ್ನೋ ತತ್ವ ತಂದಿತು. ಅಪಾಯಕಾರಿ ಉದ್ಯಮ ನಡೆಸುವವನು ಎಷ್ಟೇ ಎಚ್ಚರ ವಹಿಸಿದ್ದರೂ ಹಾನಿಗೆ ಅವನೇ ಹೊಣೆ, ನೆಪ ನಡೆಯೋದಿಲ್ಲ. ದೊಡ್ಡ ತೀರ್ಪು, ನಿಜ. ಆದರೆ ಸೂಕ್ಷ್ಮ ಗಮನಿಸಿ: ಅದು ಕಂಪನಿಯ ‘ತಪ್ಪು’ ಸಾಬೀತು ಮಾಡುವ ಹೊರೆಯನ್ನು ಇಳಿಸಿತು. ‘ಕಾರಣ’ ಸಾಬೀತು ಮಾಡುವ ಹೊರೆ ರೋಗಿಯ ತಲೆಯ ಮೇಲೆ ಹಾಗೇ ಉಳಿಯಿತು. ಒಂದೇ ರಾತ್ರಿ ಅನಿಲ ಸೋರಿದರೆ ಕಾರಣ ಎಲ್ಲರ ಕಣ್ಣಿಗೂ ಕಾಣುತ್ತದೆ. ಇಪ್ಪತ್ತು ವರ್ಷ ಹನಿಹನಿಯಾಗಿ ಇಳಿದ ವಿಷದ ಕಾರಣ ಹಾಗೆ ಕಾಣುವುದಿಲ್ಲ.

ಭೋಪಾಲದ ನೆರಳಲ್ಲೇ ಹುಟ್ಟಿದ 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ಮಾತಾಡೋದು ‘ಅಪಘಾತ’ದ ಬಗ್ಗೆ. ಪ್ರತಿ ವರ್ಷ ವೇಳಾಪಟ್ಟಿ ಹಾಕಿ, ಹೆಲಿಕಾಪ್ಟರ್ ಬಾಡಿಗೆಗೆ ತಂದು ಸಿಂಪಡಿಸಿದ್ದನ್ನು ಯಾವ ಬಾಯಲ್ಲಿ ಅಪಘಾತ ಅನ್ನೋದು? 2010ರಲ್ಲಿ ಬಂದ ಹಸಿರು ನ್ಯಾಯಮಂಡಳಿ ಕಾಯ್ದೆಯಲ್ಲಿ ಪರಿಹಾರದ ಅರ್ಜಿಗೆ ಗಡುವು ಐದು ವರ್ಷ, ಅದೂ ಕಾರಣ ಮೊದಲು ಹುಟ್ಟಿದ ದಿನದಿಂದ. ಸಕಾರಣ ಇದ್ದರೆ ಇನ್ನು ಅರವತ್ತು ದಿನ. ಕಲ್ನಾರಿನ ಧೂಳು ಶ್ವಾಸಕೋಶದಲ್ಲಿ ಕ್ಯಾನ್ಸರ್ ಆಗಿ ಅರಳೋಕೆ ಇಪ್ಪತ್ತರಿಂದ ನಲವತ್ತು ವರ್ಷ ತಗೊಳ್ಳುತ್ತದೆ. ವಿಷಕ್ಕೆ ಅಷ್ಟು ತಾಳ್ಮೆ ಇದೆ, ಕಾನೂನಿಗೆ ಐದು ವರ್ಷ ಮಾತ್ರ.

ಹಾಗಾದರೆ ಹೊರೆಯನ್ನು ಆಚೆ ದಾಟಿಸೋದು ಸಾಧ್ಯವೇ ಇಲ್ವಾ? ಇದೆ ಸ್ವಾಮಿ, ನೂರು ವರ್ಷದಿಂದ ಇದೆ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯಲ್ಲಿ ಔದ್ಯೋಗಿಕ ಕಾಯಿಲೆಗಳ ಒಂದು ಅನುಸೂಚಿ ಇದೆ. ಪಾದರಸದ ಕೆಲಸದಲ್ಲಿ ಆರು ತಿಂಗಳು ಸತತ ದುಡಿದವನಿಗೆ ಪಾದರಸದ ಕಾಯಿಲೆ ಬಂದರೆ, ಅದು ಆ ಕೆಲಸದಿಂದಲೇ ಬಂತು ಅಂತ ಭಾವಿಸತಕ್ಕದ್ದು. ಅಲ್ಲ ಅನ್ನೋದಾದರೆ ಮಾಲೀಕ ಸಾಬೀತು ಮಾಡಲಿ. ಕಾಯ್ದೆಯ ಹೆಸರು ಬದಲಾಗಿದೆ, ಹೊಸ ಸಂಹಿತೆ ಬಂದಿದೆ, ತತ್ವ ಉಳಿದಿದೆ. ಬ್ರಿಟಿಷರ ಕಾಲದ ಸರ್ಕಾರಕ್ಕೆ ಹೊಳೆದದ್ದು ಇಷ್ಟೇ: ಕೂಲಿಯವನ ಕೈಲಿ ಪ್ರಯೋಗಾಲಯ ಇಲ್ಲ, ಮಾಲೀಕನ ಕೈಲಿ ದಾಖಲೆ ಇದೆ.

ಈ ತತ್ವ ಕಾರ್ಖಾನೆಯ ಗೇಟಿನಲ್ಲೇ ನಿಂತುಬಿಡುತ್ತದೆ. ನಮ್ಮ ಪೀಣ್ಯವನ್ನೇ ತಗೊಳ್ಳಿ. ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ದಾಖಲಾಗಿರುವ ಸಂಗತಿ. ಎಲೆಕ್ಟ್ರೋಪ್ಲೇಟಿಂಗ್ ಘಟಕದ ಒಳಗೆ ದುಡಿಯುವವನಿಗೆ ಕ್ರೋಮಿಯಂ ಕಾಯಿಲೆ ಬಂದರೆ ಕಾನೂನು ಅವನ ಪರವಾಗಿ ಭಾವಿಸುತ್ತದೆ. ಗೋಡೆಯಾಚೆ ಬೋರ್‌ವೆಲ್ ನೀರು ಕುಡಿದ ಮನೆಯವಳಿಗೆ ಅದೇ ಲೋಹದ ಕಾಯಿಲೆ ಬಂದರೆ? ಮೂರೂ ಕೊಂಡಿ ಅವಳೇ ಜೋಡಿಸಬೇಕು. ಸಂಬಳವಿಲ್ಲದೆ ವಿಷ ಕುಡಿದವಳಿಗೆ ಹೆಚ್ಚು ಕಠಿಣ ಪರೀಕ್ಷೆ!

ಅಮೆರಿಕದವರು ವಿಯೆಟ್ನಾಂ ಕಾಡುಗಳ ಮೇಲೆ ಏಜೆಂಟ್ ಆರೆಂಜ್ ಸುರಿದರು. ಅವರ ಸೈನಿಕರೇ ಕಾಯಿಲೆ ಬಿದ್ದಾಗ 1991ರಲ್ಲಿ ಕಾನೂನು ಮಾಡಿದರು. 1962ರ ಜನವರಿ ಮತ್ತು 1975ರ ಮೇ ನಡುವೆ ವಿಯೆಟ್ನಾಂ ನೆಲದಲ್ಲಿ ಸೇವೆ ಮಾಡಿದ್ದು, ಪಟ್ಟಿಯಲ್ಲಿರುವ ಕಾಯಿಲೆ ಬಂದಿದ್ದರೆ ಸಾಕು. ಯಾವ ಕಾಡಿನಲ್ಲಿ, ಎಷ್ಟು ಹನಿ ಮೈಮೇಲೆ ಬಿತ್ತು ಅಂತ ಯಾರೂ ಕೇಳುವುದಿಲ್ಲ. ಅದೇ ವಿಷ ಕುಡಿದ ವಿಯೆಟ್ನಾಮಿನ ರೈತರು ಅಮೆರಿಕದ ಕೋರ್ಟಿಗೆ ಹೋದರೆ 2005ರಲ್ಲಿ ಅವರ ದಾವೆ ವಜಾ ಆಯಿತು. ಹೊರೆ ಯಾರ ತಲೆ ಮೇಲಿರಬೇಕು ಅನ್ನೋದು ವಿಜ್ಞಾನದ ತೀರ್ಮಾನ ಅಲ್ಲ ಅನ್ನೋಕೆ ಇನ್ನೇನು ಪುರಾವೆ ಬೇಕು? ಯಾರನ್ನು ನಮ್ಮವರು ಅಂದುಕೊಳ್ಳುತ್ತೇವೋ ಅವರ ಹೊರೆ ಇಳಿಸುತ್ತೇವೆ.

‘ಆದರೆ ಎಂಡೋ ಸಂತ್ರಸ್ತರಿಗೆ ಪರಿಹಾರ ಸಿಕ್ಕಿದೆಯಲ್ಲ?’ ಅಂತ ಕೇಳುತ್ತೀರಿ. ಸಿಕ್ಕಿದೆ. ಹೇಗೆ ಸಿಕ್ಕಿತು ನೋಡಿ. ನಮ್ಮಲ್ಲಿ 2010ರಲ್ಲಿ 50,000 ರೂಪಾಯಿ, ಆಮೇಲೆ ಹೋರಾಟ, ಹೈಕೋರ್ಟು, ಪಿಂಚಣಿ, ಕೊಕ್ಕಡದಲ್ಲಿ ಪಾಲನಾ ಕೇಂದ್ರ. ಪಿಂಚಣಿಗೆ ಅಂಗವೈಕಲ್ಯದ ಶೇಕಡಾವಾರು ಲೆಕ್ಕ. ಮಗನನ್ನು ಹೆಗಲ ಮೇಲೆ ಹೊತ್ತು ಶಿಬಿರಕ್ಕೆ ಬಂದ ತಾಯಿಗೆ ‘ಪರ್ಸೆಂಟ್ ಸಾಲದಮ್ಮ’ ಅನ್ನಿಸಿಕೊಂಡು ವಾಪಸ್ ಹೋಗುವ ಭಯ. ಕೇರಳದಲ್ಲಿ 2017ರ ಜನವರಿ 10ರಂದು ಸುಪ್ರೀಂ ಕೋರ್ಟ್, ಮೂರು ತಿಂಗಳಲ್ಲಿ ತಲಾ ಐದು ಲಕ್ಷ ಕೊಡಿ ಅಂತ ರಾಜ್ಯ ಸರ್ಕಾರಕ್ಕೆ ಹೇಳಿತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ತಿರುಗಿ ನೋಡಿದಾಗ 3,704 ಸಂತ್ರಸ್ತರಲ್ಲಿ ಹಣ ತಲುಪಿದ್ದು ಎಂಟು ಜನಕ್ಕೆ. ಆ ಎಂಟು ಜನ ಯಾರು ಗೊತ್ತಾ? ಮತ್ತೆ ಕೋರ್ಟಿನ ಬಾಗಿಲು ಬಡಿದವರು. ಉಳಿದವರಲ್ಲಿ ಹಾಸಿಗೆ ಹಿಡಿದವರಿದ್ದರು, ಕ್ಯಾನ್ಸರ್ ರೋಗಿಗಳಿದ್ದರು. ಕೋರ್ಟು ಸರ್ಕಾರಕ್ಕೆ ಛೀಮಾರಿ ಹಾಕಿತು.

ಇನ್ನು ದುಡ್ಡು ಯಾರದ್ದು? ಸಿಂಪಡಿಸಿದ್ದು ಸರ್ಕಾರದ ನಿಗಮಗಳು. ತಯಾರಿಸಿದವರಲ್ಲಿ ಖಾಸಗಿ ಕಂಪನಿಗಳ ಜೊತೆ ಕೇಂದ್ರ ಸರ್ಕಾರದ್ದೇ ಆದ ಹಿಂದೂಸ್ತಾನ್ ಇನ್‌ಸೆಕ್ಟಿಸೈಡ್ಸ್ ಇತ್ತು. ಪರವಾನಗಿ ಕೊಟ್ಟಿದ್ದು ಸರ್ಕಾರ, ಸಮಿತಿ ನೇಮಿಸಿದ್ದು ಸರ್ಕಾರ. ಪರಿಹಾರ ಹೋಗೋದು ಖಜಾನೆಯಿಂದ, ಅಂದರೆ ನಿಮ್ಮ ಟಿಡಿಎಸ್, ನನ್ನ ಜಿಎಸ್‌ಟಿ. ಮಾಲಿನ್ಯ ಮಾಡಿದವನೇ ತೆರಬೇಕು ಅನ್ನೋದು 1996ರ ವೆಲ್ಲೂರು ಚರ್ಮ ಹದ ಘಟಕಗಳ ತೀರ್ಪಿನಿಂದ ಈ ನೆಲದ ಕಾನೂನು. ಖಜಾನೆ ಕೊಟ್ಟಿದ್ದನ್ನು ಕೇಂದ್ರದಿಂದ ಇಲ್ಲವೇ ಕಂಪನಿಗಳಿಂದ ವಸೂಲಿ ಮಾಡಿಕೊಳ್ಳಬಹುದು ಅಂತ 2017ರ ಆದೇಶವೂ ಬಾಗಿಲು ತೆರೆದಿಟ್ಟಿತ್ತು. ಇಷ್ಟಿದ್ದೂ ಜನರ ಕಣ್ಣಿಗೆ ಇದು ಸರ್ಕಾರ ಕರುಣೆಯಿಂದ ಕೊಟ್ಟ ಹಣ. ಮಂತ್ರಿಗಳು ವೇದಿಕೆ ಹಾಕಿಸಿ ಚೆಕ್ ಹಂಚುತ್ತಾರೆ, ಫೋಟೊ ಬರುತ್ತದೆ. ಸಾಲ ತೀರಿಸುವವನು ವೇದಿಕೆ ಹಾಕಿಸುತ್ತಾನಾ?

ಹೊರೆ ದಾಟಿಸಿದರೆ ಸುಳ್ಳು ಅರ್ಜಿಗಳು ಸುರಿಯುತ್ತವೆ, ಉದ್ಯಮ ಓಡಿಹೋಗುತ್ತದೆ ಅನ್ನೋರಿಗೆ ಒಂದು ಮಾತು. ನಿಮ್ಮ ಜೀವವಿಮಾ ಪಾಲಿಸಿಗೆ ಮೂರು ವರ್ಷ ತುಂಬಿದ ಮೇಲೆ ಕಂಪನಿ ಅದನ್ನು ಯಾವ ಕಾರಣಕ್ಕೂ ಪ್ರಶ್ನಿಸುವ ಹಾಗಿಲ್ಲ. ವಿಮಾ ಕಾಯ್ದೆಯ 45ನೇ ಕಲಮು ಹಾಗೆ ಹೇಳುತ್ತದೆ. ಸುಳ್ಳು ಹೇಳಿ ಪಾಲಿಸಿ ಕೊಂಡ ಕೆಲವರು ಇದರಲ್ಲಿ ನುಸುಳುತ್ತಾರೆ, ಗೊತ್ತಿರುವ ವಿಷಯ. ಆದರೂ ಸಾವಿರಾರು ಪ್ರಾಮಾಣಿಕ ಕುಟುಂಬಗಳನ್ನು ವಕೀಲರ ಮುಂದೆ ನಿಲ್ಲಿಸುವುದಕ್ಕಿಂತ ಆ ನಷ್ಟವನ್ನು ಕಂಪನಿಯೇ ಹೊರಲಿ ಅಂತ ಸಂಸತ್ತು ತೀರ್ಮಾನಿಸಿತು. ವಿಮಾ ಕಂಪನಿಗಳು ಬಾಗಿಲು ಹಾಕಿಕೊಂಡು ಹೋದವಾ? ನಿಮಗೆ ದಿನಕ್ಕೆರಡು ಸಲ ಫೋನ್ ಮಾಡುತ್ತಲೇ ಇವೆ.

ಹಾಗಾದರೆ ಬೇಕಾದ್ದೇನು? ಮೊದಲನೆಯದು, 1923ರ ಆ ಅನುಸೂಚಿಯನ್ನು ಗೇಟಿನಿಂದ ಹೊರಗೆ ತನ್ನಿ. ಇಂಥ ಪ್ರದೇಶದಲ್ಲಿ, ಇಂಥ ಅವಧಿಯಲ್ಲಿ ಬದುಕಿದ್ದವನಿಗೆ, ಇಂಥ ಪಟ್ಟಿಯ ಕಾಯಿಲೆ ಬಂದರೆ ಅದು ಆ ವಿಷದಿಂದಲೇ ಅಂತ ಭಾವಿಸಬೇಕು. ಅಲ್ಲ ಅನ್ನುವವನು ಸಾಬೀತು ಮಾಡಲಿ. ಎರಡನೆಯದು, ವಿಷ ಬಳಸುವವನು ಬಳಕೆಗೆ ಮುಂಚಿನಿಂದಲೇ ನೀರಿನ, ಜನರ ಆರೋಗ್ಯದ ದಾಖಲೆ ಇಡಬೇಕು. ದಾಖಲೆ ಇಲ್ಲ, ಕಳೆದುಹೋಯಿತು ಅಂದರೆ ಅದು ಅವನ ವಿರುದ್ಧವೇ ಸಾಕ್ಷಿ. ಇದೂ ಹೊಸದಲ್ಲ, ಕೈಯಲ್ಲಿದ್ದ ಸಾಕ್ಷ್ಯ ಹಾಜರುಪಡಿಸದವನಿಗೆ ಆ ಸಾಕ್ಷ್ಯ ಪ್ರತಿಕೂಲವಾಗಿತ್ತು ಅಂತ ನ್ಯಾಯಾಲಯ ಭಾವಿಸಬಹುದು ಅನ್ನೋದು ನಮ್ಮ ಸಾಕ್ಷ್ಯ ಕಾನೂನಿನ ಹಳೇ ಪಾಠ. ಮೂರನೆಯದು, ಗಡುವಿನ ಗಡಿಯಾರ ಶುರುವಾಗಬೇಕಾದ್ದು ವಿಷ ಬಿದ್ದ ದಿನದಿಂದಲ್ಲ, ಕಾಯಿಲೆಗೂ ವಿಷಕ್ಕೂ ನಂಟಿದೆ ಅಂತ ರೋಗಿಗೆ ತಿಳಿದ ದಿನದಿಂದ. ನಾಲ್ಕನೆಯದು, ಖಜಾನೆ ಮೊದಲು ಕೊಡಲಿ, ಆದರೆ ಮಾಡಿದವನಿಂದ ವಸೂಲಿ ಮಾಡುವುದು ಕಡ್ಡಾಯವಾಗಲಿ.

ಇದೆಲ್ಲ ಗುಡ್ಡದ ಬುಡದಲ್ಲಿರುವವರ ಸಮಸ್ಯೆ ಅಂತ ಅನ್ನಿಸುತ್ತಿದೆಯಾ? ಬೆಳ್ಳಂದೂರು ಕೆರೆ ನೊರೆ ಉಕ್ಕಿಸಿ, ಬೆಂಕಿ ಹತ್ತಿಸಿಕೊಂಡಿದ್ದನ್ನು ನಿಮ್ಮ ಬಾಲ್ಕನಿಯಿಂದಲೇ ವಿಡಿಯೊ ಮಾಡಿದ್ದೀರಿ. ಟ್ಯಾಂಕರ್ ನೀರು ಯಾವ ಬೋರ್‌ವೆಲ್‌ನದು ಅಂತ ನಿಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿಗೂ ಗೊತ್ತಿಲ್ಲ. ನಲವತ್ತೈದನೇ ವಯಸ್ಸಿಗೆ ಯಾವುದೋ ರಿಪೋರ್ಟಿನಲ್ಲಿ ಏನೋ ಬಂದು, ‘ಯಾಕೆ ನನಗೆ?’ ಅಂತ ಕೇಳಿದಾಗ ನಿಮ್ಮ ಹತ್ತಿರ ಯಾವ ದಾಖಲೆ ಇರುತ್ತದೆ? ಇಂಗ್ಲಿಷ್ ಬರುತ್ತೆ, ವಕೀಲರ ನಂಬರ್ ಇದೆ, ಇನ್ಶೂರೆನ್ಸ್ ಇದೆ. ಆ ಮೂರು ಕೊಂಡಿ ಮಾತ್ರ ನಿಮ್ಮ ಹತ್ತಿರವೂ ಇರುವುದಿಲ್ಲ. ಕೊಕ್ಕಡದವರಿಗೆ ಕೇಳಿದ ಪ್ರಶ್ನೆಯನ್ನೇ ನಿಮಗೂ ಕೇಳುತ್ತಾರೆ.

ಸಂಶಯದ ಲಾಭ ಆರೋಪಿಗೆ ಅನ್ನೋದು ಜೈಲಿಗೆ ಕಳಿಸುವಾಗ ಸರಿ. ಅಲ್ಲಿ ಒಬ್ಬನ ಸ್ವಾತಂತ್ರ್ಯ ಪಣಕ್ಕಿರುತ್ತದೆ. ಇಲ್ಲಿ ಯಾರನ್ನೂ ಜೈಲಿಗೆ ಕಳಿಸುತ್ತಿಲ್ಲ. ಔಷಧಿಯ ಖರ್ಚು, ಗಾಲಿಕುರ್ಚಿ, ತಾನು ಸತ್ತ ಮೇಲೆ ಈ ಮಗುವನ್ನು ನೋಡುವವರು ಯಾರು ಅನ್ನೋ ತಾಯಿಯ ಪ್ರಶ್ನೆಗೆ ಒಂದು ಉತ್ತರ, ಕೇಳುತ್ತಿರುವುದು ಇಷ್ಟೇ. ಎರಡು ಕಡೆಯಲ್ಲಿ ಒಬ್ಬರು ಆ ಸಂಶಯದ ಜೊತೆ ಬದುಕಲೇಬೇಕು ಅನ್ನೋದಾದರೆ, ಗೇರುಬೀಜ ಮಾರಿ ಲೆಕ್ಕ ಬರೆದವರು ಬದುಕಲಿ. ಗುಡ್ಡದ ಕೆಳಗೆ ನೀರು ಸೇದಿದವರು ಸಾಕಷ್ಟು ಬದುಕಿದ್ದಾರೆ.